ಕಮಾನಿನ ಸುತ್ತ ಮೋಲ್ಡಿಂಗ್ ಎಳೆಯುವುದು ಹೇಗೆ?

ಸಿಟ್‌ಔಟಿಗೋ, ಹಾಲ್ ಮತ್ತು ಊಟದ ಮನೆಯ ನಡುವಿನ ತೆರವಿಗೋ ಕಮಾನು ಕಟ್ಟಿಸುವವರು ಈಗಲೂ ಬಹಳ. ಕಟ್ಟಿದ ಮೇಲೆ ಅದು ಬೋಳುಬೋಳು ಅನ್ನಿಸುತ್ತದೆ, ಅಂಚಿನ ಸುತ್ತ ಮೋಲ್ಡಿಂಗ್, ಅಂದರೆ ಉಬ್ಬುತಗ್ಗಿನ ಅಲಂಕಾರದ ಪಟ್ಟಿ, ಬೇಕೆನಿಸುತ್ತದೆ. ಅಂಗಡಿಯಿಂದ ಥರ್ಮಕೋಲ್ ಅಥವಾ ಪಿಒಪಿ ಪಟ್ಟಿ ಬರುತ್ತದೆ. ನೇರವಾದ ಪಟ್ಟಿಯನ್ನು ಗೇಣುದ್ದ ಕತ್ತರಿಸಿ, ಬಾಗಿಗೆ ಹೊಂದಿಸಿ, ಅಂಟಿಸಿ, ಸಂದಿಗೆ ಪುಟ್ಟಿ ತುಂಬಿದರೆ ಮುಗಿಯಿತು. ಮಧ್ಯಾಹ್ನ ನೋಡಿದರೆ ಚೆನ್ನಾಗಿಯೇ ಇರುತ್ತದೆ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಒಂದೊಂದು ತುಂಡೂ ಬೇರೆ ಬೇರೆಯಾಗಿ ಎದ್ದು ಕಾಣುತ್ತದೆ.

ಕಮಾನು ಯಾವ ಕೇಂದ್ರದಿಂದ ಹುಟ್ಟಿತೋ ಅದರ ಪಟ್ಟಿಯೂ ಅದೇ ಕೇಂದ್ರದಿಂದ ಹುಟ್ಟಬೇಕು. ಒಂದು ಮೊಳೆ, ಒಂದು ರೀಪರ್ (ಉದ್ದನೆಯ ಮರದ ಪಟ್ಟಿ), ತಗಡಿನಲ್ಲಿ ಕತ್ತರಿಸಿದ ಒಂದು ಅಚ್ಚು ಇದ್ದರೆ ಗಾರೆಯಲ್ಲೇ ಇದನ್ನು ಎಳೆಯಬಹುದು. ಕೈ ಕುದುರಿದ ಗಾರೆ ಮೇಸ್ತ್ರಿ ಸಿಕ್ಕರೆ ಸರಿ. ಸಿಗದಿದ್ದರೆ ಏನು ಹೇಳಿ ಮಾಡಿಸಬೇಕು ಅನ್ನುವುದಾದರೂ ಮನೆಯವರಿಗೆ ಗೊತ್ತಿರಲಿ.

ಮೊದಲು ಕೆಲವು ಕಮಾನು ನೋಡಿ

ಹಂಪಿಯ ಕಮಲ ಮಹಲಿಗೆ ಹೋದರೆ ಕಮಾನುಗಳ ಅಂಚನ್ನು ಗಮನಿಸಿ. ಅಲ್ಲಿ ಕಮಾನು ಒಂದೇ ಪದರದಲ್ಲಿಲ್ಲ. ಒಂದರ ಹಿಂದೆ ಒಂದು ಸ್ವಲ್ಪ ಒಳಗೆ ಸರಿಯುತ್ತಾ ಹೋಗುತ್ತದೆ, ಅಂಚಿಗೆ ಎಸಳಿನ ಬಾಗುಗಳಿವೆ. ಕಣ್ಣಿಗೆ ಬೀಳುವ ಅಂದದ ಹೆಚ್ಚಿನ ಪಾಲು ಈ ಸರಿತದ ನೆರಳಿನದು, ಮೇಲೆ ಮೆತ್ತಿದ ಗಾರೆ ಚಿತ್ತಾರದ್ದು ಆಮೇಲಿನ ಮಾತು. ಬೀದರ್ ಬಳಿಯ ಅಷ್ಟೂರಿನಲ್ಲಿರುವ ಖಲೀಲುಲ್ಲಾ ಚೌಖಂಡಿಯಲ್ಲಿ ದಾರಿಯೇ ಬೇರೆ. ಕಮಾನಿನ ಅಂಚಿಗೆ ಕೆತ್ತನೆಯ ಕಪ್ಪು ಕಲ್ಲಿನ ಪಟ್ಟಿ ಕೂರಿಸಿದ್ದಾರೆ, ಗೋಡೆಗಿಂತ ಬಣ್ಣವೇ ಬೇರೆಯಾದ್ದರಿಂದ ಗೆರೆ ದೂರಕ್ಕೂ ಕಾಣುತ್ತದೆ. ವಿಜಯಪುರದ ಆದಿಲ್‌ಶಾಹಿ ಕಟ್ಟಡಗಳಲ್ಲಿ ಇನ್ನೊಂದು ಜಾಣತನವಿದೆ: ಕಮಾನಿನ ಅಂಚನ್ನು ಹೆಚ್ಚು ಮುಟ್ಟದೆ, ಅದರ ಭುಜದ ಮೇಲಿನ ಮೂರು ಮೂಲೆಯ ಜಾಗದಲ್ಲಿ ಗಾರೆಯ ಒಂದು ದುಂಡು ಪದಕ, ಅದನ್ನು ಹೊತ್ತ ಬಾಗಿದ ಒಂದು ಚಾಚು. ಅಷ್ಟೇ.

ಈ ಮೂರರಲ್ಲಿ ಮೊದಲನೆಯದು ನಿಮ್ಮ ಜೇಬಿಗೆ ಹಗುರ. ಕಮಾನು ಇನ್ನೂ ಕಟ್ಟಿಲ್ಲ ಎಂದಾದರೆ ಇಟ್ಟಿಗೆಯನ್ನೇ ಎರಡು ಸುತ್ತಾಗಿ ಕಟ್ಟಿಸಿ, ಒಳಸುತ್ತನ್ನು ಗೋಡೆಯ ಮುಖದಿಂದ 2 ಇಂಚು ಹಿಂದಕ್ಕೆ ಇಡಿಸಿ. ಮೋಲ್ಡಿಂಗ್ ಬೇಕೇ ಆಗುವುದಿಲ್ಲ. ಈ ಲೇಖನವನ್ನು ಇಲ್ಲಿಗೇ ಬಿಡಬಹುದು.

ಹಳೆಯ ಮನೆಯ ಕಮಾನು ದುರಸ್ತಿ ಮಾಡುವವರಿಗೆ ಒಂದು ಎಚ್ಚರಿಕೆ. ಹಂಪಿ, ವಿಜಯಪುರ, ಶ್ರೀರಂಗಪಟ್ಟಣದಂಥ ಊರುಗಳಲ್ಲಿ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ದುರಸ್ತಿಗೂ ಅನುಮತಿ ಕೇಳಬೇಕಾಗುತ್ತದೆ. ಸಾರುವೆ ಕಟ್ಟುವ ಮೊದಲೇ ವಿಚಾರಿಸಿ.

ಕೇಂದ್ರ ಹಿಡಿಯುವುದು

ಪೂರ್ತಿ ಅರ್ಧವೃತ್ತದ ಕಮಾನಾದರೆ ಸುಲಭ. ಎರಡೂ ಕಡೆ ಬಾಗು ಶುರುವಾಗುವ ಜಾಗ ಗುರುತಿಸಿ, ನಡುವೆ ದಾರ ಕಟ್ಟಿ, ರಸಮಟ್ಟದಿಂದ ಸರಿನೋಡಿ. ದಾರದ ನಟ್ಟನಡುವೆ ಕೇಂದ್ರ. 4 ಅಡಿ ತೆರವಿಗೆ 24 ಇಂಚು ತ್ರಿಜ್ಯ.

ಆದರೆ ಮನೆಗಳಲ್ಲಿ ಹೆಚ್ಚಾಗಿ ಇರುವುದು ತಗ್ಗು ಕಮಾನು, ಅಂದರೆ ವೃತ್ತದ ಒಂದು ತುಂಡು ಮಾತ್ರ. ಅದರ ಕೇಂದ್ರ ದಾರದಿಂದ ಕೆಳಗೆ ಎಲ್ಲೋ ಗಾಳಿಯಲ್ಲಿರುತ್ತದೆ. ಅದನ್ನು ಕಣ್ಣಂದಾಜಿನಲ್ಲಿ ಹುಡುಕಬೇಡಿ, ಲೆಕ್ಕ ಮಾಡಿ. ತೆರವಿನ ಅಗಲವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಏರಿನ ಎಂಟು ಪಟ್ಟಿನಿಂದ ಭಾಗಿಸಿ, ಅದಕ್ಕೆ ಏರಿನ ಅರ್ಧ ಕೂಡಿಸಿ. ಏರು ಅಂದರೆ ದಾರದಿಂದ ಕಮಾನಿನ ನೆತ್ತಿಯವರೆಗಿನ ಎತ್ತರ. ತೆರವು 48 ಇಂಚು, ಏರು 12 ಇಂಚು ಎಂದುಕೊಳ್ಳಿ. 48 × 48 = 2304. ಅದನ್ನು 96ರಿಂದ ಭಾಗಿಸಿದರೆ 24. ಏರಿನ ಅರ್ಧ 6 ಕೂಡಿಸಿದರೆ 30. ತ್ರಿಜ್ಯ 30 ಇಂಚು, ಏರು 12 ಕಳೆದರೆ ಕೇಂದ್ರ ದಾರದಿಂದ 18 ಇಂಚು ಕೆಳಗೆ.

ಮೊನೆಯಿರುವ ಕಮಾನಿಗೆ ಎರಡು ಕೇಂದ್ರ. ಎಡಬಾಗಿಗೆ ಒಂದು, ಬಲಬಾಗಿಗೆ ಒಂದು. ಸರಳವಾದ ಬಗೆಯಲ್ಲಿ ಎಡಬಾಗಿನ ಕೇಂದ್ರ ದಾರದ ಬಲತುದಿಯಲ್ಲಿ, ಬಲಬಾಗಿನದು ಎಡತುದಿಯಲ್ಲಿ ಇರುತ್ತದೆ. ಆಗ ತ್ರಿಜ್ಯವೂ ತೆರವಿನ ಅಗಲವೂ ಒಂದೇ. ಕೇಂದ್ರಗಳು ತೆರವಿನ ಒಳಗೆ ಬಂದಷ್ಟೂ ಕಮಾನು ಕುಳ್ಳಾಗುತ್ತದೆ, ಆಚೆ ಹೋದಷ್ಟೂ ಚೂಪಾಗುತ್ತದೆ. ವಿಜಯಪುರದ ಅನೇಕ ಕಮಾನುಗಳಲ್ಲಿ ಬಾಗು ನೆತ್ತಿಯವರೆಗೂ ಹೋಗದೆ ಒಂದು ಹಂತದಲ್ಲಿ ನಿಂತು, ಅಲ್ಲಿಂದ ನೇರ ಗೆರೆ ಮೊನೆಗೆ ಸೇರುತ್ತದೆ. ಆ ಮಾದರಿ ಬೇಕೆಂದರೆ ಬಾಗನ್ನು ರೀಪರಿನಿಂದಲೂ ಮೇಲಿನ ನೇರ ಭಾಗವನ್ನು ಗೋಡೆಗೆ ಹೊಡೆದ ಪಟ್ಟಿಯ ಆಸರೆಯಿಂದಲೂ ಎಳೆಯಬೇಕಾಗುತ್ತದೆ.

ಕೇಂದ್ರ ಸಿಕ್ಕಿದ ಮೇಲೆ ಅಲ್ಲಿಂದ ದಾರ ಹಿಡಿದು ಕಮಾನಿನ ಅಂಚನ್ನು ಏಳೆಂಟು ಕಡೆ ಮುಟ್ಟಿ ನೋಡಿ. ಕಾಲಿಂಚು ಹೆಚ್ಚುಕಮ್ಮಿ ಎಲ್ಲ ಕಮಾನಿನಲ್ಲೂ ಇರುತ್ತದೆ. ಮುಕ್ಕಾಲು ಇಂಚು ತಪ್ಪಿದ್ದರೆ ಮೊದಲು ಕಮಾನಿನ ಅಂಚನ್ನೇ ಗಾರೆಯಿಂದ ಸರಿಮಾಡಿಸಿ. ಡೊಂಕು ಅಂಚಿನ ಪಕ್ಕದಲ್ಲಿ ನಿಖರವಾದ ಪಟ್ಟಿ ಎಳೆದರೆ ಡೊಂಕೇ ಮೊದಲು ಕಾಣುವುದು.

ಹಾಗೆಯೇ ನೆತ್ತಿಯಲ್ಲಿ ಬಿರುಕು ಇದೆಯೇ ನೋಡಿ. ಗಿಲಾವಿನ ಕೂದಲೆಳೆ ಬಿರುಕಾದರೆ ಚಿಂತೆಯಿಲ್ಲ. ಕೆತ್ತಿ ನೋಡಿದಾಗ ಇಟ್ಟಿಗೆಯೂ ಸೀಳಿದ್ದರೆ, ಕಮಾನಿನ ಕಾಲು ಹೊರಕ್ಕೆ ಜರುಗಿದೆ ಎಂದರ್ಥವಿರಬಹುದು. ಆಗ ಮೇಸ್ತ್ರಿಯನ್ನು ನಿಲ್ಲಿಸಿ ಇಂಜಿನಿಯರನ್ನು ಕರೆಸಿ.

ಏಣುಗಳನ್ನು ಆರಿಸುವುದು

ಹಳೆಯ ಯುರೋಪಿನ ಪದ್ಧತಿಯಲ್ಲಿ ಪಟ್ಟಿಯ ಅಗಲ ತೆರವಿನ ಎಂಟನೇ ಒಂದರಿಂದ ಹತ್ತನೇ ಒಂದು ಭಾಗ. 4 ಅಡಿಗೆ ಸುಮಾರು 5ರಿಂದ 6 ಇಂಚು. ನಮ್ಮ ಮನೆಗಳಿಗೂ ಈ ಲೆಕ್ಕ ಸರಿಹೋಗುತ್ತದೆ. ಇನ್ನೂ ಅಗಲ ಮಾಡಿದರೆ ಕಮಾನು ಕುಗ್ಗಿದಂತೆ ಕಾಣುತ್ತದೆ.

ಈ 6 ಇಂಚಿನೊಳಗೆ ಯಾವ ಏಣುಗಳು, ಅಂದರೆ ಉದ್ದಕ್ಕೂ ಓಡುವ ಉಬ್ಬುತಗ್ಗಿನ ಗೆರೆಗಳು, ಇರಬೇಕು? ನಮ್ಮ ದೇವಸ್ಥಾನಗಳ ಅಧಿಷ್ಠಾನ (ಗೋಡೆಯ ಕೆಳಗಿನ ಪೀಠ) ನೋಡಿದವರಿಗೆ ಆಕಾರಗಳು ಹೊಸವಲ್ಲ. ಚಪ್ಪಟೆ ಪಟ್ಟಿಕೆ, ಹೊರಗೆ ಉಬ್ಬಿದ ಕುಮುದ, ಒಳಗೆ ಸರಿದ ಗಳ, ಬಳುಕಿ ಇಳಿಯುವ ಪದ್ಮ, ಮೇಲೆ ಮುಂದಕ್ಕೆ ಚಾಚಿದ ಕಪೋತ. ಕಮಾನಿನ ಪಟ್ಟಿಗೂ ಇವೇ ಸಾಕು, ಮಟ್ಟಸವಾಗಿ ಓಡುವ ಬದಲು ಬಾಗಿ ಓಡುತ್ತವೆ, ಅಷ್ಟೇ ವ್ಯತ್ಯಾಸ.

ನನ್ನ ಆಯ್ಕೆ ಹೇಳುವುದಾದರೆ: ತೆರವಿನ ಅಂಚಿನಿಂದ ಶುರುಮಾಡಿ 2 ಇಂಚಿನ ಚಪ್ಪಟೆ ಪಟ್ಟಿಕೆ, ಆಮೇಲೆ ಅರ್ಧ ಇಂಚು ಮುಂದೆ ಬಂದ ಇನ್ನೊಂದು 2 ಇಂಚಿನ ಪಟ್ಟಿಕೆ, ಕೊನೆಗೆ ಹೊರಗಿನ 2 ಇಂಚಿನಲ್ಲಿ ಒಂದು ಚಿಕ್ಕ ಗಳ, ಅದರ ಮೇಲೆ ಚಾಚಿದ ಕುಮುದ. ಗೋಡೆಯಿಂದ ಒಟ್ಟು ಚಾಚು 2 ಇಂಚಿಗೆ ಮೀರದಿರಲಿ. ಏಳೆಂಟು ಸಣ್ಣ ಸಣ್ಣ ಗೆರೆಗಳನ್ನು ತುಂಬುವವರಿದ್ದಾರೆ. ಎರಡು ಸಲ ಡಿಸ್ಟೆಂಪರ್ ಹೊಡೆದರೆ ಅವೆಲ್ಲ ಮುಚ್ಚಿಹೋಗುತ್ತವೆ. ಗಳ ಒಂದಾದರೂ ಆಳವಾಗಿರಲಿ, ನೆರಳು ನಿಲ್ಲುವುದು ಅಲ್ಲೇ.

ಆರಿಸಿದ ಸೆಕ್ಷನ್ನನ್ನು, ಅಂದರೆ ಪಟ್ಟಿಯನ್ನು ಅಡ್ಡ ಕೊಯ್ದರೆ ಕಾಣುವ ಆಕಾರವನ್ನು, ನಿಜವಾದ ಅಳತೆಯಲ್ಲೇ ಡ್ರಾಯಿಂಗ್ ಹಾಳೆಯ ಮೇಲೆ ಬರೆಯಿರಿ. ಥರ್ಮಕೋಲಿನಲ್ಲಿ ಒಂದಡಿ ಉದ್ದದ ಮಾದರಿ ಕೊರೆದು ಕಮಾನಿನ ನೆತ್ತಿಯ ಬಳಿ ಒಂದು, ಪಕ್ಕದಲ್ಲಿ ಒಂದು ತಾತ್ಕಾಲಿಕವಾಗಿ ಅಂಟಿಸಿ. ಥರ್ಮಕೋಲಿಗೆ ನಾನು ಕೊಡುವ ಕೆಲಸ ಇದೊಂದೇ. ಬೆಳಗ್ಗೆ ಮತ್ತು ಸಂಜೆ ರಸ್ತೆಯಿಂದ ನೋಡಿ. ನೆತ್ತಿಯಲ್ಲಿ ನೆರಳು ಕೆಳಗೆ ಬೀಳುತ್ತದೆ, ಪಕ್ಕದಲ್ಲಿ ಅದೇ ಏಣು ಬೇರೆ ರೀತಿ ಕಾಣುತ್ತದೆ. ಕಾಗದದ ಮೇಲೆ ಇದು ತಿಳಿಯುವುದಿಲ್ಲ.

ಅಚ್ಚು ಮತ್ತು ರೀಪರ್

20 ಅಥವಾ 22 ಗೇಜಿನ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡು ತೆಗೆದುಕೊಳ್ಳಿ. ಹಾಳೆಯ ಸೆಕ್ಷನ್ನನ್ನು ಅದರ ಮೇಲೆ ಅಂಟಿಸಿ, ತಗಡಿನ ಕತ್ತರಿಯಿಂದ ಕತ್ತರಿಸಿ, ಸಣ್ಣ ಅರದಿಂದ ಅಂಚನ್ನು ಉಜ್ಜಿ. ನೆನಪಿರಲಿ, ತಗಡಿನಲ್ಲಿ ಸೆಕ್ಷನ್ ಉಲ್ಟಾ ಇರಬೇಕು. ಗೋಡೆಯಲ್ಲಿ ಉಬ್ಬು ಬೇಕಾದಲ್ಲಿ ತಗಡಿನಲ್ಲಿ ಗುಳಿ. ಉಗುರಿನಿಂದ ಅಂಚಿನ ಉದ್ದಕ್ಕೂ ಸವರಿ ನೋಡಿ. ಉಗುರು ಎಲ್ಲಿ ತಡೆಯುತ್ತದೋ ಅಲ್ಲಿ ಗಾರೆಯಲ್ಲಿ ಪೂರ್ತಿ ಎಂಟಡಿ ಉದ್ದದ ಗೀರು ಬೀಳುತ್ತದೆ.

ತಗಡೊಂದೇ ಬಳುಕುತ್ತದೆ. ಅದರ ಬೆನ್ನಿಗೆ ಮುಕ್ಕಾಲು ಇಂಚಿನ ಹಲಗೆಯನ್ನು ಅದೇ ಆಕಾರದಲ್ಲಿ, ಆದರೆ 3 ಮಿ.ಮೀ. ಹಿಂದೆ ಸರಿಸಿ ಕೊಯ್ದು ಮೊಳೆ ಹೊಡೆಯಿರಿ. ಹಲಗೆಯ ಅಂಚನ್ನು ಹಿಂದಕ್ಕೆ ಇಳಿಜಾರಾಗಿ ಹೆರೆದರೆ ಗಾರೆ ಅಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಈ ಹಲಗೆಯನ್ನು ನೇರವಾದ ಒಂದು ರೀಪರಿನ ತುದಿಗೆ ಭದ್ರವಾಗಿ ಜೋಡಿಸಿ. ರೀಪರಿನ ಇನ್ನೊಂದು ತುದಿಯಲ್ಲಿ ಮೊಳೆ ಸರಿಯಾಗಿ ಹಿಡಿಯುವಷ್ಟೇ ತೂತು. ತೂತಿನ ನಡುವಿನಿಂದ ಅಚ್ಚಿನ ಒಳ ಅಂಚಿನವರೆಗೆ ನಿಮ್ಮ ತ್ರಿಜ್ಯ, ನಮ್ಮ ಉದಾಹರಣೆಯ ಅರ್ಧವೃತ್ತಕ್ಕೆ 24 ಇಂಚು. ತೂತು ಸಡಿಲವಾಗಿದ್ದರೆ ಇಲ್ಲಿಯವರೆಗಿನ ಶ್ರಮವೆಲ್ಲ ನೀರಿನಲ್ಲಿ ಹೋಮ.

ಇನ್ನು ಮೊಳೆ ಹೊಡೆಯಲು ಜಾಗ. ಕೇಂದ್ರ ತೆರವಿನ ನಡುವೆ ಇರುವುದರಿಂದ ಅಡ್ಡಲಾಗಿ ಒಂದು ದಪ್ಪ ಹಲಗೆಯನ್ನು ಎರಡೂ ಕಡೆ ಚಕ್ಕೆ ಕೊಟ್ಟು ಬಿಗಿಯಬೇಕು. ಹಲಗೆಯ ಮುಖ ಗೋಡೆಯ ಮುಖದ ಮಟ್ಟಕ್ಕೇ ಬರಲಿ. ಹಲಗೆ ಒಳಗೆ ಸರಿದಿದ್ದರೆ ರೀಪರ್ ಓರೆಯಾಗಿ, ಅಚ್ಚಿನ ಒಂದು ಕಡೆ ಗೋಡೆಗೆ ತಾಗಿ ಇನ್ನೊಂದು ಕಡೆ ಎದ್ದಿರುತ್ತದೆ. ಮೊಳೆ ಹೊಡೆದು, ಗಾರೆ ಹಾಕುವ ಮೊದಲು ಬರಿಯ ಅಚ್ಚನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ. ಗೋಡೆಯ ಉಬ್ಬುತಗ್ಗು ಎಲ್ಲಿ ತಡೆಯುತ್ತದೆ ನೋಡಿ ಅಲ್ಲಲ್ಲೇ ಸರಿಪಡಿಸಿ. ಅಚ್ಚಿನ ಹೊರತುದಿ ಓಡುವ ದಾರಿಯಲ್ಲಿ ಗೋಡೆ ನುಣುಪಾಗಿರಲೇಬೇಕು.

ಯಾವ ಗಾರೆ?

ಮನೆಯೊಳಗಾದರೆ ಜಿಪ್ಸಮ್ ಪ್ಲಾಸ್ಟರ್ ಸುಲಭ. ಬೇಗ ಗಟ್ಟಿಯಾಗುವುದರಿಂದ ಸ್ವಲ್ಪ ಸ್ವಲ್ಪವೇ ಕಲಸಬೇಕು. ಹೊರಗೆ ಮಾತ್ರ ಜಿಪ್ಸಮ್ಮೂ ಬೇಡ, ಪಿಒಪಿಯೂ ಬೇಡ. ಮಳೆಗೆ ಎರಡೂ ನಿಲ್ಲುವುದಿಲ್ಲ.

ಹೊರಗಿನ ಸಿಮೆಂಟ್ ಗೋಡೆಗೆ 1 ಪಾಲು ಸಿಮೆಂಟ್, 1 ಪಾಲು ಸುಣ್ಣ, 6 ಪಾಲು ಮರಳು. ಸುಣ್ಣ ಸೇರಿಸಿದರೆ ಗಾರೆ ಅಚ್ಚಿನಡಿ ಬೆಣ್ಣೆಯಂತೆ ಸರಿಯುತ್ತದೆ, ಬಿರುಕೂ ಕಡಿಮೆ. ಬರಿಯ ಸಿಮೆಂಟ್ ಮರಳು ಕಲಸಿದರೆ ಅಚ್ಚು ಎಳೆಯುವಾಗ ಹರಿದು ಹರಿದು ಬರುತ್ತದೆ. ಕೊನೆಯ ಕೈಗೆ ಪಿ-ಸ್ಯಾಂಡನ್ನು (ಗಿಲಾವಿಗೆ ಬಳಸುವ ನಯವಾದ ಮರಳು) ಸಣ್ಣ ಜರಡಿ ಹಿಡಿದು ಬಳಸಿ.

ಹಳೆಯ ಸುಣ್ಣದ ಗಾರೆಯ ಗೋಡೆಯಾದರೆ ಸಿಮೆಂಟ್ ಚೀಲವನ್ನೇ ತೆರೆಯಬೇಡಿ. ಸುಣ್ಣದ ಗೋಡೆ ತೇವವನ್ನು ಒಳಗೆಳೆದುಕೊಂಡು ಹೊರಗೆ ಬಿಡುತ್ತಿರುತ್ತದೆ. ಮೇಲೆ ಸಿಮೆಂಟ್ ಪಟ್ಟಿ ಬಂದರೆ ತೇವ ಅದರ ಹಿಂದೆ ನಿಂತು, ಕೆಲವು ಮಳೆಗಾಲದಲ್ಲಿ ಪಟ್ಟಿ ಹಳೆಯ ಗಾರೆಯನ್ನೂ ಕಿತ್ತುಕೊಂಡು ಬೀಳುತ್ತದೆ. 1 ಪಾಲು ಅರಳಿಸಿದ ಸುಣ್ಣ, 3 ಪಾಲು ಮರಳು ಸಾಕು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸುವ ಹಳೆಯ ಕ್ರಮವನ್ನು ಜೀರ್ಣೋದ್ಧಾರದ ಕೆಲಸಗಳಲ್ಲಿ ಈಗಲೂ ಅನುಸರಿಸುತ್ತಾರೆ. ಸುಟ್ಟ ಸುಣ್ಣವನ್ನು ಮನೆಯಲ್ಲೇ ಅರಳಿಸುವುದಾದರೆ ನೀರಿಗೆ ಸುಣ್ಣ ಹಾಕಿ, ಸುಣ್ಣಕ್ಕೆ ನೀರು ಸುರಿಯಬೇಡಿ. ಕುದಿದು ಚಿಮ್ಮುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ಹತ್ತಿರ ಸುಳಿಯದಿರಲಿ.

ಎಳೆಯುವುದು

ಪಟ್ಟಿ ಬರುವ ಜಾಗದ ಬಣ್ಣ, ಪುಟ್ಟಿ ಎಲ್ಲ ಕೆತ್ತಿ ತೆಗೆದು, ಗೋಡೆಯನ್ನು ಚಚ್ಚಿ ಒರಟು ಮಾಡಿ, ಹಿಂದಿನ ದಿನವೇ ನೀರು ಕುಡಿಸಿ. ಚಾಚು ಒಂದಿಂಚಿಗಿಂತ ಹೆಚ್ಚಿರುವ ಕಡೆ ಜಿಐ ಮೊಳೆಗಳನ್ನು ಅಲ್ಲಲ್ಲಿ ಹೊಡೆದು ತಂತಿ ಸುತ್ತಿ. ತುಕ್ಕು ಹಿಡಿಯುವ ಸಾದಾ ಮೊಳೆ ಬೇಡ, ಅದು ಉಬ್ಬಿ ಗಾರೆಯನ್ನು ಒಡೆಯುತ್ತದೆ.

ಒಂದೇ ಸಲಕ್ಕೆ 2 ಇಂಚು ಗಾರೆ ತುಂಬಿದರೆ ಜಾರುತ್ತದೆ. ಅರ್ಧ ಇಂಚಿಗಿಂತ ದಪ್ಪ ಪದರ ಬೇಡ. ಮೊದಲ ಪದರಗಳಿಗೆ ಮೇಸ್ತ್ರಿಗಳು ಬಳಸುವ ಒಂದು ಉಪಾಯವಿದೆ. ಅಚ್ಚಿನ ತಗಡಿನ ಮೇಲೆ ಇನ್ನೊಂದು ತಗಡನ್ನು, ಅದೇ ಆಕಾರದ್ದು ಆದರೆ ಅಂಚು 5 ಮಿ.ಮೀ. ಮುಂದೆ ಬಂದದ್ದನ್ನು, ಸ್ಕ್ರೂ ಹಾಕಿ ಕೂರಿಸಿ. ಇದರಿಂದ ಎಳೆದಾಗ ಒಳಗಿನ ಗಾರೆ ಬೇಕಾದ್ದಕ್ಕಿಂತ 5 ಮಿ.ಮೀ. ಕಡಿಮೆಯಾಗಿ ನಿಲ್ಲುತ್ತದೆ. ಅದು ಗಟ್ಟಿಯಾಗುವ ಮೊದಲೇ ಮೇಲೆ ಕರಣೆಯಿಂದ ಗೀರು ಹಾಕಿ. ಮಾರನೆಯ ದಿನ ಮೇಲಿನ ತಗಡು ಬಿಚ್ಚಿ ನಿಜವಾದ ಅಚ್ಚಿನಿಂದ ಕೊನೆಯ ತೆಳು ಪದರ ಎಳೆಯಿರಿ. ಸುಣ್ಣದ ಗಾರೆಯಾದರೆ ಪದರ ಪದರಕ್ಕೂ ಇನ್ನೂ ಕೆಲವು ದಿನ ಬಿಡುವು ಬೇಕು.

ಈ ಕೊನೆಯ ಕೈಗೆ ಇಬ್ಬರು ಬೇಕು. ಒಬ್ಬರು ಕರಣೆಯಿಂದ ಗಾರೆ ಹಾಕುತ್ತಾ ಹೋಗುವುದು, ಇನ್ನೊಬ್ಬರು ಅಚ್ಚು ತಿರುಗಿಸುವುದು. ಅಚ್ಚು ಯಾವಾಗಲೂ ಒಂದೇ ದಿಕ್ಕಿಗೆ ಎಳೆಯಬೇಕು, ತುದಿ ಮುಟ್ಟಿದ ಮೇಲೆ ಎತ್ತಿ ತಂದು ಮತ್ತೆ ಮೊದಲಿನಿಂದ. ಒತ್ತಬೇಡಿ. ಪ್ರತಿ ಸಲವೂ ತಗಡಿನ ಅಂಚನ್ನು ಒದ್ದೆ ಬ್ರಷ್ಷಿನಿಂದ ತೊಳೆಯಿರಿ. ಮೊದಲೆರಡು ಸಲ ಎಲ್ಲ ಕಡೆ ಗುಳಿ, ಹೊಂಡ, ನೋಡಿದವರು ಕೆಟ್ಟಿತು ಅನ್ನುತ್ತಾರೆ. ತುಂಬುತ್ತಾ ಎಳೆಯುತ್ತಾ ಹೋದಂತೆ ಏಣುಗಳು ಒಂದೊಂದಾಗಿ ಚೂಪಾಗಿ ಎದ್ದುಬರುತ್ತವೆ. ಅಚ್ಚಿನಡಿ ಗಾರೆ ಉಳಿಯದೆ ಬರಿಯ ನೀರಿನ ಹೊಳಪು ಕಂಡ ಕೂಡಲೇ ನಿಲ್ಲಿಸಿ. ಆಮೇಲೆ ಎಳೆದರೆ ಕೀಳುತ್ತದೆ.

ಬಾಗಿನ ಎರಡು ಕೆಳತುದಿಗೆ ಅಚ್ಚು ಪೂರ್ತಿ ತಲುಪುವುದಿಲ್ಲ, ಅಡ್ಡಹಲಗೆ ತಡೆಯುತ್ತದೆ. ಉಳಿದ ತುಂಡನ್ನು ಹಲಗೆ ಬಿಚ್ಚಿದ ಮೇಲೆ ಸಣ್ಣ ಪಟ್ಟಿ ಹಿಡಿದು ಕೈಯಲ್ಲೇ ತೀಡಬೇಕು. ಮೊನೆ ಕಮಾನಿನ ನೆತ್ತಿಯಲ್ಲಿ ಎರಡು ಬಾಗುಗಳ ಏಣುಗಳು ಸೇರುವಲ್ಲೂ ಹಾಗೆಯೇ. ನಿಜವಾದ ಕೈಚಳಕ ಗೊತ್ತಾಗುವುದು ಈ ಗೇಣುದ್ದದಲ್ಲಿ. ಎಸಳು ಕಮಾನು ಬೇಕು ಎನ್ನುವವರು ಒಂದೊಂದು ಎಸಳಿಗೂ ಬೇರೆ ಕೇಂದ್ರ, ಬೇರೆ ರೀಪರ್ ಅಂತ ಲೆಕ್ಕ ಹಾಕಿಕೊಳ್ಳಿ. ನೆಲದ ಮೇಲೆ ಎರಕ ಹೊಯ್ದು ಕೂರಿಸುವುದು ಅದಕ್ಕೆ ಮೇಲು.

ನೆತ್ತಿಗೆ ಕೀಸ್ಟೋನ್ (ಕಮಾನಿನ ನಟ್ಟನಡುವೆ ಕೂರುವ ಬೆಣೆಯಾಕಾರದ ಕಲ್ಲು) ಆಕಾರ ಬೇಕಿದ್ದರೆ ಅದರ ಎರಡೂ ಪಕ್ಕದ ಗೆರೆಗಳು ಕೇಂದ್ರದ ಮೊಳೆಗೇ ಗುರಿಯಿಟ್ಟಿರಬೇಕು. ದಾರ ಹಿಡಿದು ಗುರುತು ಮಾಡಿದ ಮೇಲೆಯೇ ಮೊಳೆ ಕೀಳಿ.

ಮಳೆನೀರು

ಗೋಥಿಕ್ ಚರ್ಚುಗಳಲ್ಲಿ ಕಿಟಕಿಯ ಕಮಾನಿನ ಮೇಲೆ ಹುಬ್ಬಿನಂತೆ ಚಾಚಿದ ಪಟ್ಟಿ ಹುಟ್ಟಿದ್ದೇ ಮಳೆಗಾಗಿ. ಗೋಡೆಯ ಮೇಲಿಂದ ಇಳಿಯುವ ನೀರು ಕಿಟಕಿಗೆ ಬೀಳದೆ ಪಕ್ಕಕ್ಕೆ ಹೋಗಲಿ ಅಂತ. ಮಲೆನಾಡು, ಕರಾವಳಿಯ ಮನೆಗಳಿಗೆ ಇದು ಅಲಂಕಾರಕ್ಕಿಂತ ಮುಖ್ಯ.

ಪಟ್ಟಿಯ ಹೊರ ಅಂಚು ಚಪ್ಪಟೆಯಾಗಿದ್ದರೆ ನೀರು, ಧೂಳು ನಿಂತು ಪಾಚಿ ಕಟ್ಟುತ್ತದೆ. ಅದನ್ನು ಹೊರಗೆ ಇಳಿಜಾರಾಗುವಂತೆ ಅಚ್ಚಿನಲ್ಲೇ ಕತ್ತರಿಸಿ. ಚಾಚಿನ ಅಡಿಯಲ್ಲಿ ಬೆರಳು ಹೋಗದಷ್ಟು ಸಣ್ಣ ಒಂದು ತೋಡು ಇರಲಿ. ನೀರು ಹಿಂದಕ್ಕೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಹೀಗೆ ತಡೆದ ನೀರು ಬಾಗಿನ ಗುಂಟ ಇಳಿದು ಎರಡು ತುದಿಗೆ ಬರುವುದರಿಂದ, ಹೊರಗಿನ ಏಣನ್ನು ಕೊನೆಯಲ್ಲಿ 3-4 ಇಂಚು ಅಡ್ಡಕ್ಕೆ, ತೆರವಿನಿಂದ ಆಚೆಗೆ ತಿರುಗಿಸಿ ನಿಲ್ಲಿಸಿ. ಇದನ್ನು ಬಿಟ್ಟ ಮನೆಗಳಲ್ಲಿ ಕಮಾನಿನ ಕಾಲಿನ ಪಕ್ಕ ಕಪ್ಪು ಕಲೆಯ ಎರಡು ಗೆರೆಗಳನ್ನು ನೀವೇ ನೋಡಿರುತ್ತೀರಿ.

ಆರೈಕೆ, ಬಣ್ಣ

ಸಿಮೆಂಟ್ ಗಾರೆಗೆ ಕನಿಷ್ಠ 7 ದಿನ ಒದ್ದೆ ಗೋಣಿತಾಟು. ಸುಣ್ಣದ ಗಾರೆಗೆ ಎರಡು ಮೂರು ವಾರ ನೇರ ಬಿಸಿಲು, ಗಾಳಿ ತಾಗದಂತೆ ಮರೆ ಮಾಡಿ, ಆಗಾಗ ನೀರು ಚಿಮುಕಿಸಿ. ಪೈಪಿನಿಂದ ಹೊಡೆಯಬೇಡಿ, ಏಣು ಕೊಚ್ಚಿಹೋಗುತ್ತದೆ. ಸುಣ್ಣದ ಪಟ್ಟಿಗೆ ಸುಣ್ಣವೇ ಬಣ್ಣ, ಎನಾಮೆಲ್ ಬೇಡ. ಸಿಮೆಂಟಿನದಾದರೆ ಪುಟ್ಟಿಯನ್ನು ಚಪ್ಪಟೆ ಭಾಗಕ್ಕಷ್ಟೇ ಹಚ್ಚಿಸಿ. ಪೇಂಟರುಗಳು ಗಳಕ್ಕೂ ಪುಟ್ಟಿ ತುಂಬಿ ಉಜ್ಜಿ ದುಂಡಗೆ ಮಾಡಿಬಿಡುತ್ತಾರೆ, ಪಕ್ಕದಲ್ಲೇ ನಿಂತು ನೋಡಿಕೊಳ್ಳಿ.

ಕೂಲಿಯ ಲೆಕ್ಕ

ಮೋಲ್ಡಿಂಗಿನ ಕೂಲಿ ಸಾಮಾನ್ಯವಾಗಿ ರನ್ನಿಂಗ್ ಅಡಿಗೆ ಇಷ್ಟು ಅಂತ. ಬಾಗಿನಲ್ಲಿ ಅಡಿ ಎಲ್ಲಿಂದ ಅಳೆಯುವುದು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. 4 ಅಡಿ ತೆರವಿನ ಅರ್ಧವೃತ್ತಕ್ಕೆ 6 ಇಂಚಿನ ಪಟ್ಟಿ ಎಳೆದರೆ ಒಳ ಅಂಚಿನ ಉದ್ದ ಸುಮಾರು 6 ಅಡಿ 3 ಇಂಚು, ಹೊರ ಅಂಚಿನದು 7 ಅಡಿ 10 ಇಂಚು. ಒಂದೇ ಕಮಾನಿಗೆ ಒಂದೂವರೆ ಅಡಿಗಿಂತ ಹೆಚ್ಚು ವ್ಯತ್ಯಾಸ. ನಡುಗೆರೆಯ ಅಳತೆ, ಅಂದರೆ ಸುಮಾರು 7 ಅಡಿ, ಹಿಡಿದರೆ ಇಬ್ಬರಿಗೂ ನ್ಯಾಯ. ಅಚ್ಚು ಮಾಡುವ ಖರ್ಚು ಮತ್ತು ಸಾರುವೆ ಇದರಲ್ಲಿ ಸೇರಿದೆಯೇ ಎಂದೂ ಕೇಳಿ. ಒಂದೇ ಕಮಾನಿಗೆ ಅಚ್ಚಿನ ಕೂಲಿ ದುಬಾರಿ ಅನ್ನಿಸುತ್ತದೆ. ಒಂದೇ ಅಳತೆಯ ನಾಲ್ಕು ಕಿಟಕಿಗಳಿದ್ದರೆ ಅದೇ ಅಚ್ಚು, ಅದೇ ರೀಪರ್ ಸಾಕಾಗುತ್ತದೆ, ದರ ಇಳಿಸಿ ಕೇಳುವ ಹಕ್ಕು ನಿಮ್ಮದು. ಕೆಲಸ ಮುಗಿದ ಮೇಲೆ ಅಚ್ಚನ್ನು ಮೇಸ್ತ್ರಿಗೆ ಕೊಡದೆ ರೀಪರ್ ಸಮೇತ ಅಟ್ಟದ ಮೇಲೆ ಇಟ್ಟುಕೊಳ್ಳಿ, ಮುಂದೆ ಎಲ್ಲಾದರೂ ಚಕ್ಕೆ ಎದ್ದರೆ ಅಷ್ಟು ಜಾಗವನ್ನು ಅದರಿಂದಲೇ ಎಳೆದು ಸೇರಿಸಬಹುದು.